ಮೂವತ್ತು ಗಂಟೆಗಳಲ್ಲಿ ಪ್ರೋಬ್ ಹಿಡಿಯುವ ಗಂಟೆ ಎಷ್ಟು? ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು, ಕರ್ನಾಟಕ ವೈದ್ಯಕೀಯ ಪರಿಷತ್ತು, ಬೆಂಗಳೂರು

ಪ್ರತಿ: ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯ್ದೆಯಡಿಯ ರಾಜ್ಯ ಸಕ್ಷಮ ಪ್ರಾಧಿಕಾರಕ್ಕೆ ಮತ್ತು ರಾಜ್ಯದ ಎಲ್ಲ ರೇಡಿಯಾಲಜಿಸ್ಟ್ ಮಿತ್ರರಿಗೆ

ವಿಷಯ: ಸ್ತ್ರೀಯರ ಕಿಬ್ಬೊಟ್ಟೆಯ ಅಲ್ಟ್ರಾಸೌಂಡಿನಲ್ಲಿ ರೇಡಿಯಾಲಜಿಸ್ಟರ ಮುಂದುವರಿಕೆ ಶಿಕ್ಷಣ

ಮಾನ್ಯರೇ,

2002ರ ವೈದ್ಯಕೀಯ ವೃತ್ತಿ ನಡತೆಯ ನಿಯಮಗಳ ಪ್ರಕಾರ ಪ್ರತಿಯೊಬ್ಬ ವೈದ್ಯರೂ ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಮುಂದುವರಿಕೆ ಶಿಕ್ಷಣ ಪಡೆಯಬೇಕು. ನಾವೆಲ್ಲ ಸಿಎಂಇ ಎಂದು ಕರೆಯುವುದು ಇದನ್ನೇ. ಆ 30 ಗಂಟೆ ಯಾವ ವಿಷಯದ್ದಾಗಿರಬೇಕು ಎಂದು ನಿಯಮ ಹೇಳುವುದಿಲ್ಲ. ಮಿದುಳಿನ ಎಂಆರ್‌ಐ, ಹೃದಯದ ಸಿಟಿ, ಲಿವರಿನ ಗಡ್ಡೆ, ಈಚೆಗೆ ಕೃತಕ ಬುದ್ಧಿಮತ್ತೆ, ಹೀಗೆ ಯಾವುದರಿಂದಲಾದರೂ ಅದನ್ನು ತುಂಬಿಸಬಹುದು. ಎಲ್ಲವೂ ಬೇಕಾದ ವಿಷಯಗಳೇ. ಆದರೆ ತಾಲ್ಲೂಕು, ಜಿಲ್ಲಾ ಕೇಂದ್ರಗಳ ಸ್ಕ್ಯಾನಿಂಗ್ ಸೆಂಟರುಗಳ ಬಾಗಿಲ ಹೊರಗೆ ಬೆಳಗಿನಿಂದ ನೀರು ಕುಡಿದು, ಮೂತ್ರ ಕಟ್ಟಿಕೊಂಡು ಕೂತಿರುವವರಲ್ಲಿ ದೊಡ್ಡ ಪಾಲು ಹೆಂಗಸರದು. ಬಸುರಿಯರನ್ನು ಬಿಟ್ಟರೆ ಉಳಿದವರು ಬಂದಿರುವುದು ಅತಿಯಾದ ಮುಟ್ಟು, ಕೆಳಹೊಟ್ಟೆ ನೋವು, ಮಕ್ಕಳಾಗದಿರುವುದು, ಮುಟ್ಟು ನಿಂತ ಮೇಲೆ ಮತ್ತೆ ಕಾಣಿಸಿಕೊಂಡ ರಕ್ತ, ಇಂಥ ಕಾರಣಗಳಿಗೆ. ದಿನವಿಡೀ ಈ ಸ್ಕ್ಯಾನು ಮಾಡುವವರು ಐದು ವರ್ಷ ಇದರ ಬಗ್ಗೆ ಒಂದು ಗಂಟೆಯ ಹೊಸ ಶಿಕ್ಷಣವನ್ನೂ ಪಡೆಯದೆ ನೋಂದಣಿ ನವೀಕರಿಸಿಕೊಳ್ಳಲು ಸಾಧ್ಯವಿದೆ.

ನಾವು ಕೇಳುತ್ತಿರುವುದು ಇಷ್ಟು. ಅಲ್ಟ್ರಾಸೌಂಡ್ ಮಾಡುವ ರೇಡಿಯಾಲಜಿಸ್ಟರಿಗೆ ಆ 30ರಲ್ಲಿ 8 ಗಂಟೆಯನ್ನು ಸ್ತ್ರೀಯರ ಕಿಬ್ಬೊಟ್ಟೆಯ ಅಲ್ಟ್ರಾಸೌಂಡಿಗೆ ಮೀಸಲಿಡಿ. ಅದರಲ್ಲಿ 4 ಗಂಟೆ ಪ್ರೋಬನ್ನು (ರೋಗಿಯ ಮೈಗೆ ತಾಗಿಸುವ ಸ್ಕ್ಯಾನ್ ಯಂತ್ರದ ಹಿಡಿಕೆ) ಕೈಯಲ್ಲಿ ಹಿಡಿದೇ ಕಲಿಯುವಂತಾಗಲಿ, 2 ಗಂಟೆ ಚಿತ್ರ ಓದುವ ಪರೀಕ್ಷೆಗಿರಲಿ. ಉಳಿದ 2 ಗಂಟೆಯ ಕ್ರೆಡಿಟ್ ತಮ್ಮ ರಿಪೋರ್ಟುಗಳನ್ನು ಆಪರೇಷನ್ ಮತ್ತು ಬಯಾಪ್ಸಿಯ ಫಲಿತಾಂಶದೊಂದಿಗೆ ಹೋಲಿಸಿ ನೋಡಿದವರಿಗೆ ಸಿಗಲಿ.

ಯಾಕಿಷ್ಟು ಒತ್ತಿ ಕೇಳುತ್ತಿದ್ದೇವೆಂದರೆ, ಈ ಸ್ಕ್ಯಾನಿನ ರಿಪೋರ್ಟಿನಲ್ಲಿ ಬರೆದ ಎರಡು ಪದಗಳ ಮೇಲೆ ಒಬ್ಬ ಹೆಣ್ಣುಮಗಳ ಗರ್ಭಕೋಶ ಉಳಿಯುವುದು, ಹೋಗುವುದು ನಿಂತಿರುತ್ತದೆ. 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ, ದಲಿತ ಕೇರಿಗಳ ನೂರಾರು ಮಹಿಳೆಯರ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆದ ಸಂಗತಿ ಬೆಳಕಿಗೆ ಬಂತು. ಬಿಹಾರ, ಛತ್ತೀಸಗಡ, ರಾಜಸ್ಥಾನಗಳ ಇಂಥವೇ ಪ್ರಕರಣಗಳ ಕುರಿತು 2023ರ ಏಪ್ರಿಲ್ 5ರಂದು ತೀರ್ಪಿತ್ತ ಸುಪ್ರೀಂ ಕೋರ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಹೇಳಿತು. ಈ ದುರಂತಕ್ಕೆ ರೇಡಿಯಾಲಜಿಸ್ಟರು ಕಾರಣವೆಂದು ನಾವು ಹೇಳುತ್ತಿಲ್ಲ. ಬಡತನ, ಹಣದಾಸೆ, ಭಯ ಹುಟ್ಟಿಸುವ ಮಾತು, ಎಲ್ಲವೂ ಅದರಲ್ಲಿವೆ. ಆದರೆ ಅಳತೆಯಿಲ್ಲದ, ಅರ್ಥ ಖಚಿತವಿಲ್ಲದ ರಿಪೋರ್ಟು ಅಂಥ ಕೈಗಳಿಗೆ ಸಿಕ್ಕಾಗ ಅದೇ ದಾಖಲೆಯಾಗುತ್ತದೆ.

ಮೊದಲಿಗೆ 'ಬಲ್ಕಿ ಯೂಟ್ರಸ್' (ದಪ್ಪಗಾದ ಗರ್ಭಕೋಶ) ಎಂಬ ಪದವನ್ನೇ ತೆಗೆದುಕೊಳ್ಳಿ. ಎರಡು ಮೂರು ಹೆತ್ತವರ ಗರ್ಭಕೋಶ 9 ಸೆಂ.ಮೀ. ಆಸುಪಾಸು ಉದ್ದವಿರುವುದು ಸಹಜ. ಮೂರೂ ಅಳತೆ ಕೊಡದೆ, ಗೋಡೆಯ ಒಳಗೆ ಏನು ಕಂಡಿತು ಎಂದು ಹೇಳದೆ 'ಬಲ್ಕಿ' ಎಂದಷ್ಟೇ ಬರೆದರೆ ಅದು ರೋಗವೂ ಅಲ್ಲ, ಆರೋಗ್ಯವೂ ಅಲ್ಲ. ಮನೆಯವರಿಗೆ ಮಾತ್ರ 'ಗರ್ಭಕೋಶ ಊದಿದೆ, ತೆಗೆಯಬೇಕು' ಎಂದೇ ಕೇಳಿಸುತ್ತದೆ. ಗರ್ಭಕೋಶದ ಸ್ನಾಯುವನ್ನು ವಿವರಿಸುವ ಕ್ರಮವನ್ನು ಅಂತರರಾಷ್ಟ್ರೀಯ ತಜ್ಞರ 2015ರ ಮ್ಯೂಸಾ ಒಮ್ಮತ ಕೊಟ್ಟಿದೆ, 2022ರಲ್ಲಿ ಅದನ್ನು ತಿದ್ದಿದ್ದೂ ಆಗಿದೆ. ಅಡಿನೋಮಯೋಸಿಸ್ (ಒಳಪದರ ಸ್ನಾಯುವಿನೊಳಗೆ ಬೆಳೆಯುವ ಕಾಯಿಲೆ) ಎನ್ನಲು ನೇರ ಗುರುತುಗಳು ಮೂರು: ಸ್ನಾಯುವಿನೊಳಗಿನ ಪುಟ್ಟ ನೀರುಗುಳ್ಳೆಗಳು, ಬಿಳಿಯ ದ್ವೀಪಗಳಂಥ ತುಣುಕುಗಳು, ಒಳಪದರದಡಿಯಿಂದ ಸ್ನಾಯುವಿಗೆ ಇಳಿದ ಬಿಳಿ ಗೆರೆ ಅಥವಾ ಮೊಗ್ಗುಗಳು. ಗುಂಡಗಾದ ಆಕಾರ, ಒಂದು ಗೋಡೆ ಮಾತ್ರ ದಪ್ಪವಾಗಿರುವುದು, ಬೀಸಣಿಗೆಯಂತೆ ಹರಡಿದ ನೆರಳು, ಗೆರೆ ಕಡಿದ ಜಂಕ್ಷನಲ್ ಜೋನ್ (ಒಳಪದರ ಸ್ನಾಯುವಿಗೆ ಸೇರುವ ಪಟ್ಟಿ), ಇವೆಲ್ಲ ಪರೋಕ್ಷ ಗುರುತುಗಳು. ಇವುಗಳಲ್ಲಿ ಯಾವುದು ಕಂಡಿತು, ಯಾವ ಗೋಡೆಯಲ್ಲಿ ಕಂಡಿತು ಎಂದು ಬರೆದರೆ ಔಷಧಿ ಸಾಕೋ, ಹಾರ್ಮೋನು ಬಿಡುಗಡೆ ಮಾಡುವ ವಂಕಿ ಹಾಕಬಹುದೋ ಎಂಬ ಮಾತುಕತೆಗೆ ಜಾಗ ಸಿಗುತ್ತದೆ.

ಫೈಬ್ರಾಯ್ಡ್ (ಗರ್ಭಕೋಶದ ಸ್ನಾಯುಗಡ್ಡೆ) ವಿಷಯದಲ್ಲೂ ಇದೇ ಕಥೆ. '3 ಸೆಂ.ಮೀ. ಫೈಬ್ರಾಯ್ಡ್' ಎಂದರೆ ಸ್ತ್ರೀರೋಗ ತಜ್ಞರಿಗೆ ಅರ್ಧ ಮಾಹಿತಿಯಷ್ಟೇ. ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಗೋ ಸಂಸ್ಥೆಯ 0ರಿಂದ 8ರವರೆಗಿನ ವರ್ಗದಲ್ಲಿ ಅದು ಎಲ್ಲಿದೆ? ಪೂರ್ತಿ ಒಳಕುಹರದಲ್ಲಿ ತೊಟ್ಟಿನಿಂದ ನೇತಾಡುತ್ತಿರುವ 0, ಅರ್ಧಕ್ಕಿಂತ ಕಡಿಮೆ ಭಾಗ ಸ್ನಾಯುವಿನಲ್ಲಿರುವ 1, ಅರ್ಧ ಅಥವಾ ಹೆಚ್ಚು ಸ್ನಾಯುವಿನಲ್ಲಿರುವ 2, ಇವು ಸಣ್ಣವಿದ್ದರೂ ರಕ್ತಸ್ರಾವ ತರುತ್ತವೆ. ಇವುಗಳಲ್ಲಿ ಹಲವನ್ನು ಹಿಸ್ಟರೋಸ್ಕೋಪಿಯಲ್ಲಿ (ಗರ್ಭಕಂಠದ ಮೂಲಕ ದುರ್ಬೀನು ಕಳಿಸಿ) ಹೊಟ್ಟೆ ಕೊಯ್ಯದೆ ತೆಗೆಯಬಹುದು. ಹೊರಮೈಯಲ್ಲಿರುವ 6 ಅಥವಾ 7 ದೊಡ್ಡದಿದ್ದರೂ ಮುಟ್ಟಿನ ತೊಂದರೆಗೆ ಕಾರಣವಾಗಿರುವುದು ಅಪರೂಪ. ಒಂದು ಅಂಕಿ ಬರೆಯಲು ಐದು ಸೆಕೆಂಡು ಸಾಕು. ಆದರೆ ಅದನ್ನು ಸರಿಯಾಗಿ ಬರೆಯಲು ಒಳಪದರವನ್ನು ಎರಡೂ ತಲದಲ್ಲಿ ನೋಡಿ, ಗಡ್ಡೆ ಅದನ್ನು ಎಷ್ಟು ತಳ್ಳಿದೆ ಎಂದು ಅಳೆಯುವ ಕೈ ಬೇಕು.

ಅಂಡಾಶಯದ ನೀರುಗುಳ್ಳೆಗಳ ಕುರಿತು ಸ್ವಲ್ಪ ವಿವರವಾಗಿಯೇ ಹೇಳಬೇಕು. ಭಯವೂ ಇಲ್ಲೇ ಹೆಚ್ಚು, ಜ್ಞಾನ ಬೆಳೆದಿರುವುದೂ ಇಲ್ಲೇ ಹೆಚ್ಚು. ಇನ್ನೂ ಮುಟ್ಟಾಗುತ್ತಿರುವ ವಯಸ್ಸಿನವರಲ್ಲಿ 3 ಸೆಂ.ಮೀ.ವರೆಗಿನ ತೆಳುಗೋಡೆಯ ಗುಳ್ಳೆ ಫಾಲಿಕಲ್ (ಅಂಡ ಬೆಳೆಯುವ ಚೀಲ) ಆಗಿರುತ್ತದೆ. ಅದನ್ನು 'ಸಿಸ್ಟ್' ಎಂದು ಕರೆಯಲೇಬಾರದು. ಅಂಡ ಹೊರಬಂದ ಮೇಲೆ ಉಳಿಯುವ ಕಾರ್ಪಸ್ ಲ್ಯೂಟಿಯಮ್ಮಿಗೂ ಇದೇ ಮಾತು. ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿಯ ಓ-ರಾಡ್ಸ್ ವರ್ಗೀಕರಣ 2020ರಲ್ಲಿ ಪ್ರಕಟವಾಗಿ 2022ರಲ್ಲಿ ಪರಿಷ್ಕಾರಗೊಂಡಿತು. ಅದರಲ್ಲಿ 2ನೇ ವರ್ಗಕ್ಕೆ ಕ್ಯಾನ್ಸರ್ ಸಂಭವ ಶೇ 1ಕ್ಕಿಂತ ಕಡಿಮೆ, 3ಕ್ಕೆ ಶೇ 1ರಿಂದ 10ರೊಳಗೆ, 4ಕ್ಕೆ 10ರಿಂದ 50ರೊಳಗೆ, 5ಕ್ಕೆ 50 ಅಥವಾ ಅದಕ್ಕಿಂತ ಹೆಚ್ಚು. ಇನ್ನೂ ಮುಟ್ಟಾಗುತ್ತಿರುವ ವಯಸ್ಸಿನವರಲ್ಲಿ 5 ಸೆಂ.ಮೀ.ವರೆಗಿನ ಸರಳ ಸಿಸ್ಟಿಗೆ ಮರುಸ್ಕ್ಯಾನೂ ಬೇಡ. ರಕ್ತ ತುಂಬಿದ ಸಿಸ್ಟ್ ಬಲೆಯಂಥ ಎಳೆಗಳಿಂದ, ಒಳಗೆ ಕುಗ್ಗುತ್ತಿರುವ ಹೆಪ್ಪಿನಿಂದ ಗುರುತು ಸಿಗುತ್ತದೆ. ಅದು 5 ಸೆಂ.ಮೀ. ದಾಟಿದ್ದರೆ ಎರಡು ಮೂರು ತಿಂಗಳಿಗೆ ಮತ್ತೊಮ್ಮೆ ನೋಡಬೇಕು, ಅಷ್ಟೇ. ಇಷ್ಟು ತಿಳಿದಿದ್ದರೆ ಸಾಲ ಮಾಡಿ ಆಪರೇಷನ್ ಟೇಬಲ್ ಹತ್ತುವ ಎಷ್ಟೋ ಹೆಂಗಸರು ಮನೆಗೆ ಹೋಗಬಹುದು.

ಇದನ್ನು ಚಾರ್ಟ್ ನೋಡಿ ಬಾಯಿಪಾಠ ಮಾಡಿದರೆ ಸಾಲದು. ವರ್ಗ ತಪ್ಪುವುದು ಬಹುಮಟ್ಟಿಗೆ ಮೊದಲ ಹೆಜ್ಜೆಯಲ್ಲಿ, ಕಂಡದ್ದಕ್ಕೆ ಹೆಸರಿಡುವಾಗ. ಅಂಡಾಶಯದ ಗಡ್ಡೆಗಳನ್ನು ಅಭ್ಯಸಿಸುವ ಐಯೋಟಾ ತಂಡ 2000ದಲ್ಲೇ ಪದಗಳ ಅರ್ಥ ನಿಗದಿಮಾಡಿತು. ಗೋಡೆಯಿಂದ ಒಳಕ್ಕೆ ಚಾಚಿದ ಗಟ್ಟಿ ಭಾಗ 3 ಮಿ.ಮೀ. ಅಥವಾ ಹೆಚ್ಚು ಎತ್ತರವಿದ್ದರೆ ಮಾತ್ರ ಅದು ಪ್ಯಾಪಿಲರಿ ಚಾಚು. ಅದಕ್ಕಿಂತ ಕಡಿಮೆ ಇದ್ದರೆ ಗೋಡೆ ಒರಟು, ಅಷ್ಟೇ. ಒಂದು ಗೋಡೆಯಿಂದ ಎದುರಿನ ಗೋಡೆಗೆ ಮುಟ್ಟದ ತಡಿಕೆ ಅಪೂರ್ಣ ತಡಿಕೆ, ಅದರಿಂದ ಸಿಸ್ಟ್ 'ಅನೇಕ ಕೋಣೆಯದ್ದು' ಆಗುವುದಿಲ್ಲ. ನೀರು ತುಂಬಿ ಮಡಚಿಕೊಂಡ ಟ್ಯೂಬು ತಡಿಕೆಗಳಿರುವ ಗಡ್ಡೆಯಂತೆ ಕಾಣುತ್ತದೆ. ಪ್ರೋಬನ್ನು ನಿಧಾನ ತಿರುಗಿಸಿ ಅದರ ಉದ್ದ ಹಿಡಿದರೆ ಕೊಳವೆಯ ಆಕಾರ ಬಿಚ್ಚಿಕೊಳ್ಳುತ್ತದೆ, ಅಂಡಾಶಯ ಪಕ್ಕದಲ್ಲಿ ಬೇರೆಯಾಗಿ ಕಾಣುತ್ತದೆ. ಒಂದೇ ಫ್ರೀಜ್ ಮಾಡಿದ ಚಿತ್ರದಲ್ಲಿ ಇದು ಗೊತ್ತಾಗುವುದಿಲ್ಲ. ಡರ್ಮಾಯ್ಡ್ ಎಂಬ ಅಂಡಾಶಯದ ಗಡ್ಡೆಯ ಕೊಬ್ಬಿನ ನೆರಳು ಕರುಳಿನ ಗಾಳಿಯೆಂದು ತಪ್ಪಿಹೋಗುತ್ತದೆ. ಕರುಳಾದರೆ ಅರ್ಧ ನಿಮಿಷ ಕಾದರೆ ಅಲುಗುತ್ತದೆ. ಹಳೆಯ ಆಪರೇಷನ್ ಆದವರಲ್ಲಿ ಅಂಟಿಕೆಗಳ ನಡುವೆ ನಿಂತ ನೀರು, ಅದರ ಮಧ್ಯೆ ಸಹಜ ಅಂಡಾಶಯ. ಅದನ್ನೂ ಗಡ್ಡೆಯೆಂದು ಬರೆದುಬಿಡುತ್ತಾರೆ.

ಇನ್ನೊಂದು ನಮ್ಮ ದೇಶಕ್ಕೇ ಸೇರಿದ ಪಾಠ. ಹೊಟ್ಟೆಯ ಕ್ಷಯದಲ್ಲಿ ತಡಿಕೆಗಳಿರುವ ನೀರು, ದಪ್ಪನಾದ ಪೆರಿಟೋನಿಯಂ (ಹೊಟ್ಟೆಯ ಒಳಪೊರೆ), ಊದಿದ ಟ್ಯೂಬುಗಳು, ಜೊತೆಗೆ ರಕ್ತಪರೀಕ್ಷೆಯಲ್ಲಿ ಏರಿದ ಸಿಎ-125, ಎಲ್ಲವೂ ಅಂಡಾಶಯದ ಕ್ಯಾನ್ಸರಿನಂತೆಯೇ ಕಾಣುತ್ತವೆ. ವಿದೇಶದ ಸ್ಲೈಡುಗಳಲ್ಲಿ ಇದಕ್ಕೆ ಒಂದು ಸಾಲೂ ಇರುವುದಿಲ್ಲ. ನಮ್ಮ ಸಿಎಂಇಯಲ್ಲಿ ಇದಕ್ಕೊಂದು ಅವಧಿಯೇ ಬೇಕು. ಅದನ್ನು ಹೇಳಿಕೊಡಬೇಕಾದವರು ರಾಯಚೂರು, ಬಳ್ಳಾರಿಯಂಥ ಕಡೆ ಇದನ್ನು ನೋಡುತ್ತಿರುವ ವೈದ್ಯರು.

ಹದಿಹರೆಯದ ಹುಡುಗಿಯರ 'ಪಿಸಿಓಡಿ' (ಅಂಡಾಶಯದಲ್ಲಿ ಹಲವು ಪುಟ್ಟ ಗುಳ್ಳೆಗಳು ಕಾಣುವ ಹಾರ್ಮೋನಿನ ತೊಂದರೆ) ಬಗ್ಗೆ ಚಿಕ್ಕದಾಗಿ, ಆದರೆ ನೋವಿನಿಂದ ಹೇಳಬೇಕಿದೆ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಮೈನೆರೆದು ಎಂಟು ವರ್ಷ ಆಗುವವರೆಗೆ ಈ ರೋಗನಿರ್ಣಯಕ್ಕೆ ಅಲ್ಟ್ರಾಸೌಂಡ್ ಬಳಸಬಾರದು. ಆ ವಯಸ್ಸಿನಲ್ಲಿ ಅಂಡಾಶಯದ ತುಂಬ ಫಾಲಿಕಲ್ ಇರುವುದೇ ಸಹಜ. ದೊಡ್ಡವರಲ್ಲೂ ಒಂದು ಅಂಡಾಶಯದಲ್ಲಿ 20 ಅಥವಾ ಹೆಚ್ಚು ಫಾಲಿಕಲ್ ಎಣಿಸಬೇಕು, ಅದೂ ಯೋನಿಯ ಮೂಲಕ ನೋಡುವ ಟಿವಿಎಸ್‌ನಲ್ಲಿ, ಹೊಸ ತಲೆಮಾರಿನ ಪ್ರೋಬಿನಲ್ಲಿ. ಹೊಟ್ಟೆಯ ಮೇಲಿನಿಂದ ನೋಡುವಾಗ ಎಣಿಕೆಯನ್ನು ನಂಬುವಂತಿಲ್ಲ. ಉದ್ದ, ಅಗಲ, ದಪ್ಪ ಗುಣಿಸಿ 0.5ರಿಂದ ಮತ್ತೆ ಗುಣಿಸಿ ಬರುವ ಗಾತ್ರ 10 ಮಿ.ಲೀ. ಮುಟ್ಟಿದೆಯೇ ಎಂದು ನೋಡಬೇಕು. ದೊಡ್ಡ ಫಾಲಿಕಲ್ಲೋ ಕಾರ್ಪಸ್ ಲ್ಯೂಟಿಯಮ್ಮೋ ಇರುವ ಅಂಡಾಶಯವನ್ನು ಈ ಲೆಕ್ಕಕ್ಕೆ ಹಿಡಿಯಬಾರದು. 2003ರ 12 ಫಾಲಿಕಲ್ಲಿನ ಮಿತಿಯಲ್ಲೇ ಇಂದಿಗೂ ಬರುವ ರಿಪೋರ್ಟುಗಳು ಹದಿನಾರರ ಹುಡುಗಿಗೆ 'ನಿನಗೆ ಮಕ್ಕಳಾಗುವುದು ಕಷ್ಟ' ಎಂಬ ಮಾತನ್ನು ಹೊರಿಸಿ ಕಳಿಸುತ್ತಿವೆ.

ಮುಟ್ಟು ನಿಂತ ಮೇಲೆ ರಕ್ತ ಕಂಡವರಲ್ಲಿ ಒಳಪದರದ ಅಳತೆ 4 ಮಿ.ಮೀ. ಅಥವಾ ಕಡಿಮೆಯಿದ್ದರೆ ಕ್ಯಾನ್ಸರಿನ ಸಂಭವ ತೀರ ಕಡಿಮೆ. ಆದರೆ ಆ ಅಳತೆ ಟಿವಿಎಸ್‌ನದಾಗಿರಬೇಕು. ಗರ್ಭಕೋಶದ ಉದ್ದ ತಲದಲ್ಲಿ, ಅತಿ ದಪ್ಪ ಇರುವಲ್ಲಿ, ನಡುಗೆರೆಗೆ ನೇರ ಅಡ್ಡವಾಗಿ, ಎರಡೂ ಪದರ ಸೇರಿಸಿ ಅಳೆಯಬೇಕು. ನಡುವೆ ನೀರಿದ್ದರೆ ಅದನ್ನು ಬಿಟ್ಟು ಎರಡು ಪದರವನ್ನು ಬೇರೆಬೇರೆ ಅಳೆದು ಕೂಡಿಸಬೇಕು. ಫೈಬ್ರಾಯ್ಡ್ ಅಡ್ಡ ಬಂದು ಒಳಪದರ ಪೂರ್ತಿ ಕಾಣದಿದ್ದರೆ 'ಪೂರ್ತಿ ಕಾಣಲಿಲ್ಲ' ಎಂದೇ ಬರೆಯಬೇಕು. ಕಂಡ ತುಣುಕನ್ನು ಅಳೆದು 3.8 ಎಂದು ಬರೆದರೆ ಅದು ಸುಳ್ಳು ಧೈರ್ಯ. ಪದರ ತೆಳುವಿದ್ದೂ ರಕ್ತ ಮತ್ತೆ ಮತ್ತೆ ಬರುತ್ತಿದ್ದರೆ ಬಯಾಪ್ಸಿ ಬೇಕೇ ಬೇಕು. ರಕ್ತಸ್ರಾವವೇ ಇಲ್ಲದವರಿಗೆ ಈ 4 ಮಿ.ಮೀ. ಮಿತಿ ಅನ್ವಯಿಸುವುದಿಲ್ಲ. ಸೊಂಟನೋವಿಗೆ ಬಂದವರ ಒಳಪದರ 5.5 ಎಂದು ಕಂಡು ಅವರನ್ನು ಬಯಾಪ್ಸಿಗೆ ಅಟ್ಟುವುದು ಇದನ್ನು ತಿಳಿಯದೆ.

ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೋಮೆಟ್ರಿಯೋಸಿಸ್‌ನಲ್ಲಂತೂ ಕೈಯ ಕಲಿಕೆಗೆ ಬದಲಿಯೇ ಇಲ್ಲ. ಅಂತರರಾಷ್ಟ್ರೀಯ ತಜ್ಞರ 2016ರ ಒಮ್ಮತ ಅದರ ಸ್ಕ್ಯಾನಿಗೆ ನಾಲ್ಕು ಹಂತ ಹೇಳಿದೆ. ಗರ್ಭಕೋಶ, ಅಂಡಾಶಯಗಳನ್ನು ನೋಡುವುದು. ಪ್ರೋಬ್ ತುದಿಯಿಂದ ಒತ್ತಿ ಎಲ್ಲಿ ನೋವು, ಅಂಡಾಶಯ ಅಲುಗುತ್ತದೆಯೇ ಎಂದು ತಿಳಿಯುವುದು. ಗರ್ಭಕೋಶದ ಹಿಂದೆ ಜಾರುವ ಗುರುತನ್ನು ನೋಡುವುದು. ಮುಂದಿನ, ಹಿಂದಿನ ಭಾಗಗಳಲ್ಲಿ ಗಂಟು ಹುಡುಕುವುದು. ಮೂರನೆಯದನ್ನು ಮಾಡುವ ಬಗೆ ಹೀಗೆ: ಪ್ರೋಬಿನಿಂದ ಗರ್ಭಕಂಠವನ್ನು ಮೆಲ್ಲನೆ ತಳ್ಳಿದಾಗ ಅದರ ಹಿಂದಿನ ಗುದನಾಳದ ಮುಂಗೋಡೆ ಸಲೀಸಾಗಿ ಜಾರಬೇಕು. ಆಮೇಲೆ ಇನ್ನೊಂದು ಕೈಯನ್ನು ಹೊಟ್ಟೆಯ ಮೇಲಿಟ್ಟು ಗರ್ಭಕೋಶವನ್ನು ಪ್ರೋಬಿಗೂ ಕೈಗೂ ನಡುವೆ ಆಡಿಸಿದಾಗ ಅದರ ಮೇಲ್ಭಾಗದ ಹಿಂದೆಯೂ ಕರುಳು ಜಾರಬೇಕು. ಎರಡರಲ್ಲಿ ಒಂದು ಜಾಗದಲ್ಲಾದರೂ ಅಂಟಿಕೊಂಡಿದ್ದರೆ ಗುರುತು ಋಣಾತ್ಮಕ, ಅಂದರೆ ಸಹಜವಲ್ಲ. ಅಲ್ಲಿಂದ ಮುಂದೆ ಗುದನಾಳದ ಸ್ನಾಯುಪದರದಲ್ಲಿ ಕಪ್ಪಾಗಿ ಉಬ್ಬಿದ ಗಂಟನ್ನು ಹುಡುಕಬೇಕು. ಹತ್ತು ವರ್ಷ 'ನಾರ್ಮಲ್ ಸ್ಕ್ಯಾನ್' ಎಂಬ ಚೀಟಿ ಹಿಡಿದು ಪ್ರತಿ ತಿಂಗಳು ನೋವು ತಿನ್ನುವ ಹೆಂಗಸರಿಗೆ ಈ ಎರಡು ನಿಮಿಷದ ಪರೀಕ್ಷೆಯನ್ನು ಯಾರೂ ಮಾಡಿರುವುದಿಲ್ಲ. ಇದು ಸಭಾಂಗಣದ ಪರದೆಯ ಮೇಲೆ ವಿಡಿಯೊ ನೋಡಿದರೆ ಅರ್ಥವಾಗುತ್ತದೆ. ಎಷ್ಟು ಒತ್ತಬೇಕು ಎಂಬುದು ಮಾತ್ರ ಕೈಗೇ ಬರಬೇಕು.

ಅಂಡಾಶಯ ತಿರುಚಿಕೊಂಡಾಗ (ಟಾರ್ಶನ್) ರಕ್ತದ ಹರಿವು ತೋರಿಸುವ ಡಾಪ್ಲರಿನಲ್ಲಿ ರಕ್ತಸಂಚಾರ ಕಂಡಿತೆಂದು 'ಟಾರ್ಶನ್ ಇಲ್ಲ' ಎಂದು ಬರೆಯುವುದು ಇನ್ನೊಂದು ದುಬಾರಿ ತಪ್ಪು. ರಕ್ತಸಂಚಾರವಿದ್ದೂ ಟಾರ್ಶನ್ ಇರಬಹುದು. ಒಂದು ಕಡೆ ಮಾತ್ರ ಊದಿದ ಅಂಡಾಶಯ, ಅಂಚಿಗೆ ಸರಿದ ಫಾಲಿಕಲ್ಲುಗಳು, ನಡುವಿಗೆ ಜರುಗಿದ ಸ್ಥಾನ, ತೊಟ್ಟಿನಲ್ಲಿ ಸುಳಿ, ಇವುಗಳನ್ನು ನೋಡಬೇಕು. ಇಲ್ಲಿ ಯಂತ್ರದ ಗುಂಡಿಗಳ ಮಾತೂ ಬರುತ್ತದೆ. ಹೊಟ್ಟೆಯ ದೊಡ್ಡ ರಕ್ತನಾಳಗಳಿಗೆ ಇಟ್ಟ ಡಾಪ್ಲರ್ ಸೆಟ್ಟಿಂಗಿನಲ್ಲೇ ಅಂಡಾಶಯ ನೋಡಿದರೆ ಏನೂ ಕಾಣದು. ಅಲ್ಲಿನ ನಿಧಾನದ ಹರಿವನ್ನು ಹಿಡಿಯಲು ಯಂತ್ರದ ಈ ಗುಂಡಿಗಳನ್ನು ಹೊಂದಿಸಬೇಕು: ಪಿಆರ್‌ಎಫ್ 0.3ರಿಂದ 0.9 ಕಿಲೋಹರ್ಟ್ಸ್, ವಾಲ್ ಫಿಲ್ಟರ್ 30ರಿಂದ 50 ಹರ್ಟ್ಸ್, ಬಣ್ಣದ ಗೇನನ್ನು ಚುಕ್ಕೆಗಳು ಚೆದುರುವವರೆಗೆ ಏರಿಸಿ ಅವು ಮಾಯವಾಗುವಷ್ಟು ಇಳಿಸಬೇಕು. ಮೊದಲು ಗರ್ಭಕೋಶದ ಸ್ನಾಯುವಿನ ಮೇಲೆ ಬಣ್ಣದ ಪೆಟ್ಟಿಗೆ ಇಟ್ಟು ನೋಡಿ. ಅಲ್ಲೇ ರಕ್ತ ಕಾಣದಿದ್ದರೆ ತಪ್ಪು ಸೆಟ್ಟಿಂಗಿನದು, ರೋಗಿಯದಲ್ಲ. ಮಾರಾಟಗಾರರು ಯಂತ್ರ ಕೂರಿಸುವಾಗ ಇಟ್ಟುಹೋದ ಪ್ರೀಸೆಟ್ಟನ್ನು ಒಮ್ಮೆಯೂ ಮುಟ್ಟದ ಸೆಂಟರುಗಳಿವೆ. ಕೈತರಬೇತಿಯ ಮೊದಲ ಅರ್ಧ ಗಂಟೆ ಇದಕ್ಕೇ ಹೋಗಲಿ.

ಆರಂಭದ ಗರ್ಭದ ವಿಷಯದಲ್ಲಿ ಎರಡು ಸಂಖ್ಯೆಗಳು ಪ್ರತಿ ಸ್ಕ್ಯಾನ್ ಕೋಣೆಯ ಗೋಡೆಯ ಮೇಲಿರಬೇಕು: 7 ಮತ್ತು 25. ಟಿವಿಎಸ್‌ನಲ್ಲಿ ಭ್ರೂಣದ ಉದ್ದ 7 ಮಿ.ಮೀ. ಆಗಿದ್ದೂ ಹೃದಯಬಡಿತ ಇಲ್ಲದಿದ್ದರೆ, ಅಥವಾ ಚೀಲದ ಸರಾಸರಿ ವ್ಯಾಸ 25 ಮಿ.ಮೀ. ಆಗಿದ್ದೂ ಭ್ರೂಣವಿಲ್ಲದಿದ್ದರೆ ಮಾತ್ರ ಗರ್ಭ ಉಳಿದಿಲ್ಲ ಎನ್ನಬಹುದು. ಹಿಂದಿನ 5 ಮಿ.ಮೀ. ಮಿತಿಯನ್ನು ಬಿಟ್ಟಿದ್ದು, ಇಬ್ಬರು ಅಳೆದರೆ ಬರುವ ವ್ಯತ್ಯಾಸದಲ್ಲಿ ಜೀವವಿರುವ ಗರ್ಭವೂ ಹೋಗಿಬಿಡಬಹುದೆಂಬ ಕಾರಣಕ್ಕೆ. ಟ್ಯೂಬಿನ ಗರ್ಭವೋ ಕಾರ್ಪಸ್ ಲ್ಯೂಟಿಯಮ್ಮೋ ಎಂಬ ಅನುಮಾನ ಬಂದಾಗ ಪ್ರೋಬಿನಿಂದ ಮೆಲ್ಲನೆ ತಳ್ಳಿ ನೋಡಬೇಕು. ಅಂಡಾಶಯದ ಜೊತೆಗೇ ಚಲಿಸಿದರೆ ಲ್ಯೂಟಿಯಮ್, ಬೇರೆಯಾಗಿ ಜಾರಿದರೆ ಟ್ಯೂಬು. ಬಣ್ಣದ ಉಂಗುರ ಎರಡರಲ್ಲೂ ಕಾಣುತ್ತದೆ, ಅದನ್ನು ನಂಬಬಾರದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಸಿಸೇರಿಯನ್ ಹೆರಿಗೆಗಳ ಪಾಲು ಶೇ 30 ದಾಟಿದೆ. ಆದ್ದರಿಂದ ಹಳೆಯ ಹೊಲಿಗೆಯ ಗಾಯದಲ್ಲೇ ಕೂರುವ ಗರ್ಭವನ್ನು ಗುರುತಿಸುವುದು ಈಗ ಪ್ರತಿ ತಾಲ್ಲೂಕಿನ ಅಗತ್ಯ. ಒಳಕುಹರ ಖಾಲಿ, ಗರ್ಭಕಂಠದ ದಾರಿ ಖಾಲಿ, ಮುಂಗೋಡೆಯ ಕೆಳಭಾಗದಲ್ಲಿ ಚೀಲ, ಅದಕ್ಕೂ ಮೂತ್ರಕೋಶಕ್ಕೂ ನಡುವೆ ಸ್ನಾಯು ತೆಳುವಾಗಿ ಅಥವಾ ಇಲ್ಲದೆ ಕಂಡರೆ, ಸಾಧಾರಣ ಗರ್ಭಪಾತವೆಂದು ತಿಳಿದು ಕ್ಯುರೆಟ್ ಹಾಕಿ ಕೆರೆದಾಗ ರಕ್ತ ನಿಲ್ಲದು.

ಹಾಗಾದರೆ 4 ಗಂಟೆಯ ಕೈತರಬೇತಿ ಎಲ್ಲಿ, ಹೇಗೆ? ಇಲ್ಲೇ ಕಾನೂನಿನ ತೊಡಕಿದೆ. ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಯಂತ್ರ ನೋಂದಾಯಿತ ಜಾಗ ಬಿಟ್ಟು ಕದಲುವಂತಿಲ್ಲ. 2012ರ ತಿದ್ದುಪಡಿಯಂತೆ ಒಬ್ಬ ವೈದ್ಯರು ಒಂದು ಜಿಲ್ಲೆಯೊಳಗೆ ಎರಡು ಕಡೆ ಮಾತ್ರ ಸ್ಕ್ಯಾನ್ ಮಾಡಲು ನೋಂದಣಿ ಪಡೆಯಬಹುದು. ಹೆಣ್ಣುಭ್ರೂಣಗಳನ್ನು ಉಳಿಸಲು ಬಂದ ಈ ಕಟ್ಟುಪಾಡನ್ನು ಸಡಿಲಿಸಿ ಎಂದು ನಾವು ಖಂಡಿತ ಕೇಳುವುದಿಲ್ಲ. ಆದರೆ ಯಾದಗಿರಿಯ ರೇಡಿಯಾಲಜಿಸ್ಟೊಬ್ಬರು ಕಲಬುರಗಿಯ ವೈದ್ಯಕೀಯ ಕಾಲೇಜಿಗೆ ಕಲಿಯಲು ಹೋಗಿ ಪ್ರೋಬ್ ಹಿಡಿದರೆ ಅದು ಅಪರಾಧವೇ ಎಂಬ ಭಯ ಇದ್ದೇ ಇದೆ. ಆ ಭಯಕ್ಕೇ ಕಾರ್ಯಾಗಾರಗಳು ಹೋಟೆಲ್ ಸಭಾಂಗಣದ ಸ್ಲೈಡುಗಳಿಗೆ ಇಳಿದಿವೆ. ಪರಿಷತ್ತೂ ಸಕ್ಷಮ ಪ್ರಾಧಿಕಾರವೂ ಸೇರಿ ಒಂದು ಲಿಖಿತ ಆದೇಶ ಹೊರಡಿಸಲಿ: ನೋಂದಾಯಿತ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ, ಮೊದಲೇ ತಿಳಿಸಿದ ದಿನಗಳಲ್ಲಿ, ಕಲಿಯುವವರ ಹೆಸರು ಮತ್ತು ನೋಂದಣಿ ಸಂಖ್ಯೆಯ ಪಟ್ಟಿ ಸಲ್ಲಿಸಿ, ಗರ್ಭಿಣಿಯಲ್ಲದ ಮಹಿಳೆಯರ ಮೇಲೆ, ಆ ಸಂಸ್ಥೆಯ ನೋಂದಾಯಿತ ತಜ್ಞರ ಎದುರಿನಲ್ಲಿ ಮಾತ್ರ. ಆರಂಭದ ಗರ್ಭದ ಪಾಠಕ್ಕೆ ಮೊದಲೇ ಉಳಿಸಿಟ್ಟ ಸ್ಕ್ಯಾನ್ ವಿಡಿಯೊ ಕ್ಲಿಪ್ಪುಗಳೂ ಸಿಮ್ಯುಲೇಟರೂ ಸಾಕು. ಹುಬ್ಬಳ್ಳಿ, ಕಲಬುರಗಿ, ಬಳ್ಳಾರಿ, ಮೈಸೂರು, ಶಿವಮೊಗ್ಗ, ಬೆಂಗಳೂರುಗಳಲ್ಲಿ ವರ್ಷಕ್ಕೆ ಕೆಲವು ಶನಿವಾರಗಳನ್ನು ಇದಕ್ಕೆಂದು ಗೊತ್ತುಮಾಡಿದರೆ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುವ ಅಗತ್ಯ ಹೆಚ್ಚಿನವರಿಗೆ ಇರುವುದಿಲ್ಲ.

ಒಂದು ಯಂತ್ರಕ್ಕೆ ನಾಲ್ವರಿಗಿಂತ ಹೆಚ್ಚು ಕಲಿಯುವವರು ಬೇಡ. ಕೋಣೆಯೊಳಗೆ ಒಂದು ಸಲಕ್ಕೆ ಕಲಿಯುವವರು ಒಬ್ಬರೇ ಇರಲಿ, ಉಳಿದ ಮೂವರು ಪಕ್ಕದ ಕೋಣೆಯ ಪರದೆಯಲ್ಲಿ ನೋಡಲಿ. ಬರುವ ಮಹಿಳೆ ತನ್ನ ಚಿಕಿತ್ಸೆಗಾಗಿ ಹೇಗೂ ಟಿವಿಎಸ್ ಮಾಡಿಸಿಕೊಳ್ಳಬೇಕಾದವರೇ ಆಗಿರಬೇಕು. ಅವರಿಗೆ ಕನ್ನಡದಲ್ಲೋ ಅವರ ಮನೆಮಾತಿನಲ್ಲೋ ವಿವರಿಸಿ ಒಪ್ಪಿಗೆ ಬರೆಸಿಕೊಳ್ಳಬೇಕು. ಮಹಿಳಾ ಸಿಬ್ಬಂದಿ ಪಕ್ಕದಲ್ಲೇ ಇರಬೇಕು. ತರಬೇತಿಯ ಪಾಲು ಐದು ನಿಮಿಷ ಮೀರಬಾರದು, ಬೇಡವೆಂದ ತಕ್ಷಣ ನಿಲ್ಲಿಸಬೇಕು. ಮದುವೆಯಾಗದವರಲ್ಲಿ, ಟಿವಿಎಸ್ ಒಪ್ಪದವರಲ್ಲಿ ಸರಿಯಾಗಿ ತುಂಬಿದ ಮೂತ್ರಕೋಶದೊಂದಿಗೆ ಹೊಟ್ಟೆಯ ಮೇಲಿನಿಂದ ನೋಡುವುದನ್ನೂ ಕಲಿಸಬೇಕು. ಮೂತ್ರಕೋಶ ಗರ್ಭಕೋಶದ ತುದಿಯನ್ನು ಮುಚ್ಚುವಷ್ಟು ತುಂಬಿದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಗರ್ಭಕೋಶ ಒತ್ತಿಕೊಂಡು ಹಿಂದಕ್ಕೆ, ಆಳಕ್ಕೆ ಹೋಗುತ್ತದೆ.

ಪ್ರೋಬಿನ ಶುಚಿತ್ವ ಈ ತರಬೇತಿಯ ಕಡ್ಡಾಯ ಭಾಗವಾಗಿರಲಿ. ಕವರ್ ಹಾಕಿದ್ದೇವೆ, ಸಾಕು ಎಂಬುದು ತಪ್ಪು. ಕವರ್ ಹರಿಯುತ್ತದೆ, ತೆಗೆಯುವಾಗ ಕೈಯಿಂದ ಪ್ರೋಬಿಗೆ ತಗಲುತ್ತದೆ. ಪ್ರತಿ ರೋಗಿಯ ನಂತರ ಮೊದಲು ಜೆಲ್ ಪೂರ್ತಿ ಒರೆಸಿ ತೊಳೆಯಬೇಕು, ಜೆಲ್ ಉಳಿದರೆ ಸೋಂಕುನಾಶಕ ಒಳಗೆ ತಾಗುವುದೇ ಇಲ್ಲ. ಆಮೇಲೆ ಶೇ 2ರ ಗ್ಲುಟರಾಲ್ಡಿಹೈಡಿನಲ್ಲಿ ಕನಿಷ್ಠ 20 ನಿಮಿಷ ಅಥವಾ ಶೇ 0.55ರ ಆರ್ಥೋಥಾಲಾಲ್ಡಿಹೈಡಿನಲ್ಲಿ 12 ನಿಮಿಷ, ಪ್ರೋಬ್ ತಯಾರಕರು ಒಪ್ಪಿದ್ದನ್ನು ನೋಡಿಕೊಂಡು. ನಂತರ ನೀರಿನಲ್ಲಿ ಚೆನ್ನಾಗಿ ಜಾಲಾಡಬೇಕು. ಈ ಲೆಕ್ಕದಲ್ಲಿ ಒಂದೇ ಟಿವಿಎಸ್ ಪ್ರೋಬ್ ಇರುವ ಸೆಂಟರು ಗಂಟೆಗೆ ಎರಡು ಮೂರಕ್ಕಿಂತ ಹೆಚ್ಚು ಟಿವಿಎಸ್ ಮಾಡಲಾಗದು. ಮಾಡುತ್ತಿದ್ದರೆ ಯಾವುದೋ ಹಂತ ಬಿಟ್ಟುಹೋಗುತ್ತಿದೆ ಎಂದೇ ಅರ್ಥ. ಐದು ಲೀಟರ್ ಕ್ಯಾನಿನಿಂದ ಹಳೆಯ ಬಾಟಲಿಗೆ ಜೆಲ್ ತುಂಬಿಸುವುದೂ ನಿಲ್ಲಬೇಕು, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಟಿವಿಎಸ್‌ಗೆ ಒಮ್ಮೆ ಬಳಸಿ ಬಿಸಾಡುವ ಸ್ಟೆರೈಲ್ ಜೆಲ್ ಪೊಟ್ಟಣವೇ ಬೇಕು.

ಕೊನೆಯದಾಗಿ ರಿಪೋರ್ಟುಗಳ ಮರುಪರಿಶೀಲನೆಗೆ ಬರುತ್ತೇವೆ. ಇದು ನಮಗೆ ಎಲ್ಲಕ್ಕಿಂತ ಮುಖ್ಯ. ಅಂಡಾಶಯದ ಗಡ್ಡೆ ಕಂಡ 25 ರಿಪೋರ್ಟುಗಳನ್ನು ಆರಿಸದೆ, ಬಂದ ಸಾಲಿನಲ್ಲೇ ತೆಗೆದುಕೊಳ್ಳಬೇಕು. ಪ್ರತಿಯೊಂದಕ್ಕೂ ವಯಸ್ಸು, ಮುಟ್ಟಿನ ಸ್ಥಿತಿ, ಬರೆದ ಓ-ರಾಡ್ಸ್ ವರ್ಗ, ಉಳಿಸಿದ ಚಿತ್ರಗಳು ವರ್ಗವನ್ನು ಸಮರ್ಥಿಸುತ್ತವೆಯೇ, ಆರು ತಿಂಗಳ ನಂತರ ಏನಾಯಿತು, ಬಯಾಪ್ಸಿ ಏನು ಹೇಳಿತು ಎಂದು ದಾಖಲಿಸಬೇಕು. ಹೆಸರು ಬೇಡ, ಸಂಕೇತ ಸಂಖ್ಯೆ ಸಾಕು. ಕಷ್ಟವಿರುವುದು ಫಲಿತಾಂಶ ತಿಳಿಯುವುದರಲ್ಲಿ. ರೋಗಿ ಬೇರೆ ಊರಿನಲ್ಲಿ ಆಪರೇಷನ್ ಮಾಡಿಸಿಕೊಂಡಿರುತ್ತಾರೆ, ಬಯಾಪ್ಸಿ ಕಾಗದ ಅವರ ಕೈಚೀಲದಲ್ಲಿರುತ್ತದೆ. ಸ್ಕ್ಯಾನಿನ ದಿನವೇ ಒಪ್ಪಿಗೆ ಪಡೆದು, ಮೂರನೇ ಮತ್ತು ಆರನೇ ತಿಂಗಳು ಒಂದೊಂದು ಫೋನ್ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಸಿಗುತ್ತವೆ ಎಂಬುದು ನಮ್ಮ ಅಂದಾಜು. ಕಳುಹಿಸಿದ ಸ್ತ್ರೀರೋಗ ತಜ್ಞರ ಆಪರೇಷನ್ ಕೋಣೆಯ ರಿಜಿಸ್ಟರಿನಿಂದ ಇನ್ನಷ್ಟು. ಈ ದಾಖಲೆಯನ್ನು ಶಿಸ್ತುಕ್ರಮಕ್ಕೆ ಬಳಸುವುದಿಲ್ಲವೆಂದು ಪರಿಷತ್ತು ಬರೆದು ಕೊಡಲೇಬೇಕು. ಇಲ್ಲದಿದ್ದರೆ ಚೆಂದದ 25 ಕೇಸು ಆರಿಸಿ ಕಳಿಸುತ್ತಾರೆ, ಶ್ರಮವೆಲ್ಲ ವ್ಯರ್ಥ.

ಅದರ ಜೊತೆಗೆ ಪ್ರತಿ ರಿಪೋರ್ಟಿನ ಕೆಳಗೆ ಕನ್ನಡದಲ್ಲಿ ಎರಡು ಸಾಲು ಇರಲಿ ಎಂದು ಸಹೋದ್ಯೋಗಿಗಳನ್ನು ಕೋರುತ್ತೇವೆ. '4 ಸೆಂ.ಮೀ. ನೀರುಗುಳ್ಳೆ ಇದೆ, ಕ್ಯಾನ್ಸರಿನ ಲಕ್ಷಣಗಳಿಲ್ಲ. ಮರುಸ್ಕ್ಯಾನ್ ಅಗತ್ಯವಿಲ್ಲ, ನೋವಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಿ.' ಇಷ್ಟನ್ನು ಆಕೆಯೇ ಓದಿಕೊಂಡರೆ ಬೇರೆ ಯಾರೂ ಅದೇ ಕಾಗದ ತೋರಿಸಿ ಆಕೆಯನ್ನು ಹೆದರಿಸಲಾಗದು.

ಮುಂದಿನ ನವೀಕರಣದ ಸುತ್ತು ಶುರುವಾಗುವ ಮೊದಲೇ ಈ ಬಗ್ಗೆ ಪರಿಷತ್ತು ಒಂದು ಸಭೆ ಕರೆಯಲಿ. ರೇಡಿಯಾಲಜಿ, ಸ್ತ್ರೀರೋಗ, ಪೆಥಾಲಜಿ ಮೂರೂ ವಿಭಾಗದವರು ಅದರಲ್ಲಿರಲಿ, ಜಿಲ್ಲೆಗಳವರಿಗೆ ಅರ್ಧದಷ್ಟು ಕುರ್ಚಿಗಳಿರಲಿ. 25 ಕೇಸುಗಳ ದಾಖಲೆಯ ನಮೂನೆ, ಕನ್ನಡದ ಒಪ್ಪಿಗೆ ಪತ್ರ, ನಾಲ್ಕು ಗಂಟೆಯ ತರಬೇತಿಯ ವೇಳಾಪಟ್ಟಿಗಳ ಕರಡನ್ನು ನಾವು ಸಿದ್ಧಮಾಡಿದ್ದೇವೆ, ಕೇಳಿದ ದಿನವೇ ಒಪ್ಪಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ರಾಜ್ಯದ ವಿವಿಧ ಜಿಲ್ಲೆಗಳಲ್ಲಿ ಕೆಲಸ ಮಾಡುವ ರೇಡಿಯಾಲಜಿಸ್ಟರು ಮತ್ತು ಸ್ತ್ರೀರೋಗ ತಜ್ಞರು